ಓಡೆಟ್–ಓಡೀಲ್ ಪಾತ್ರಕ್ಕೆ ಸಿದ್ಧವಾಗುವ ಬಗೆ

‘ಸ್ವಾನ್ ಲೇಕ್’ ಬ್ಯಾಲೆಯ ನಾಯಕಿಯ ಪಾತ್ರ ಎಂದೊಡನೆ ಎಲ್ಲರೂ ಮಾತಾಡುವುದು ಮೂರನೆಯ ಅಂಕದ 32 ಫ್ವೆಟೆ ಸುತ್ತುಗಳ, ಅಂದರೆ ಒಂದೇ ಕಾಲಿನ ಮೇಲೆ ಬಿಡದೆ ತಿರುಗುವ ಸುತ್ತುಗಳ ಬಗ್ಗೆ. ಚೈಕೋವ್ಸ್ಕಿಯವರ ಸಂಗೀತಕ್ಕೆ ಪೆಟಿಪಾ ಮತ್ತು ಇವಾನೊವ್ 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹೊಸದಾಗಿ ನೃತ್ಯ ಸಂಯೋಜಿಸಿದಾಗ ಇಟಲಿಯ ನರ್ತಕಿ ಪಿಯೆರಿನಾ ಲೆನ್ಯಾನಿ ಅವುಗಳನ್ನು ಮಾಡಿ ತೋರಿಸಿದರು. ಅಂದಿನಿಂದ ಪ್ರೇಕ್ಷಕರು ಎಣಿಸುತ್ತಲೇ ಬಂದಿದ್ದಾರೆ. ಆದರೆ ಈ ಪಾತ್ರವನ್ನು ಮೊದಲ ಬಾರಿಗೆ ಕೈಗೆತ್ತಿಕೊಳ್ಳುವವರು ಅಭ್ಯಾಸವನ್ನು ಅಲ್ಲಿಂದ ಆರಂಭಿಸಬಾರದು. ಒಬ್ಬಳೇ ನರ್ತಕಿ ಎರಡನೆಯ ಅಂಕದಲ್ಲಿ ಬಿಳಿ ಹಂಸ ಓಡೆಟ್, ಮೂರನೆಯದರಲ್ಲಿ ಅವಳದೇ ರೂಪದಲ್ಲಿ ಬರುವ ವಂಚಕಿ ಓಡೀಲ್, ನಾಲ್ಕನೆಯದರಲ್ಲಿ ಮತ್ತೆ ಓಡೆಟ್ ಆಗಬೇಕಿರುವುದರಿಂದ, ಕೊನೆಯ ಅಂಕಕ್ಕೆ ಕಾಲಿನಲ್ಲಿ ಎಷ್ಟು ಕಸುವು ಉಳಿದಿರಬೇಕು ಎಂಬುದನ್ನು ಮೊದಲು ನಿರ್ಧರಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ನನ್ನ ದೃಷ್ಟಿಯಲ್ಲಿ ನಿಜವಾದ ಕಷ್ಟ ಇರುವುದು ಎರಡನೆಯ ಅಂಕದ ನಿಧಾನಗತಿಯ ಯುಗಳ ನೃತ್ಯದಲ್ಲಿ. ಒಂಟಿ ಪಿಟೀಲಿನ ಜೊತೆ ಸಾಗುವ ಈ ಭಾಗದಲ್ಲಿ ಒಂದು ಕಾಲಿನ ಬೆರಳ ತುದಿಯ ಮೇಲೆ ನಿಂತು ಇನ್ನೊಂದನ್ನು ಮೆಲ್ಲಗೆ ಎತ್ತುವಾಗ ಸಣ್ಣ ನಡುಕವೂ ಹಿಂದಿನ ಸಾಲಿನವರೆಗೆ ಕಾಣಿಸುತ್ತದೆ. ವೇಗದಲ್ಲಿ ಮುಚ್ಚಿಹೋಗುವ ತಪ್ಪುಗಳಿಗೆ ಇಲ್ಲಿ ಮರೆಯೇ ಇಲ್ಲ. ರೆಕ್ಕೆಯಂತೆ ಕಾಣಬೇಕಾದ ತೋಳನ್ನು ಬೆರಳುಗಳಿಂದ ಆಡಿಸಬೇಡಿ. ಚಲನೆ ಬೆನ್ನಿನ ಹಲಗೆ ಮೂಳೆಯ ಬಳಿ ಹುಟ್ಟಿ, ಮೊಣಕೈಗೆ ಬಂದು, ಮಣಿಕಟ್ಟನ್ನು ದಾಟಿ, ಬೆರಳಿಗೆ ಎಲ್ಲಕ್ಕಿಂತ ತಡವಾಗಿ ತಲುಪಬೇಕು. ಗೋಡೆಗೆ ಬೆನ್ನು ತಾಗಿಸಿ ನಿಂತು ಅಭ್ಯಾಸ ಮಾಡಿದರೆ ಭುಜ ಎಲ್ಲಿ ಮೇಲೇರುತ್ತಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಯುಗಳದ ಕೊನೆಯಲ್ಲಿ ಒಂದು ಪಾದ ಇನ್ನೊಂದರ ಗಿಣ್ಣಿನ ಬಳಿ ಪಟಪಟನೆ ಮಿಡಿಯುವ ಚಿಕ್ಕ ಚಲನೆಯಿದೆ. ಅದು ಹೆದರಿದ ಹಕ್ಕಿಯ ಎದೆಬಡಿತದಂತೆ ಕಾಣಬೇಕಾದರೆ ತೊಡೆ ಅಲುಗದೆ ಮಂಡಿಯ ಕೆಳಭಾಗ ಮಾತ್ರ ಆಡಬೇಕು.

ಇನ್ನು ಫ್ವೆಟೆ. ಪ್ರತಿ ಸುತ್ತಿನಲ್ಲೂ ಆಧಾರದ ಕಾಲು ಪ್ಲಿಯೆಯಲ್ಲಿ (ಮಂಡಿ ಮಡಚುವ ಭಂಗಿಯಲ್ಲಿ) ಬಗ್ಗಿ ಮತ್ತೆ ಬೆರಳ ತುದಿಗೆ ಏರುತ್ತದೆ. ಅದೇ ಹೊತ್ತಿಗೆ ಇನ್ನೊಂದು ಕಾಲು ಪಕ್ಕಕ್ಕೆ ಬೀಸಿ ಮಂಡಿಯ ಬಳಿಗೆ ಮಡಚಿಕೊಳ್ಳುತ್ತದೆ. ಮೀನಖಂಡ ದಣಿದಂತೆ ಪ್ಲಿಯೆ ತಾನಾಗಿಯೇ ಕಿರಿದಾಗುತ್ತದೆ, ಅದು ಕಿರಿದಾದೊಡನೆ ನರ್ತಕಿ ಕಾಲಿನ ಬದಲು ಭುಜದಿಂದ ತಿರುಗಲು ಹೋಗುತ್ತಾಳೆ, ಆಮೇಲೆ ನಿಂತ ಜಾಗದಿಂದ ಸರಿಯುವುದು ಖಚಿತ. (ಭರತನಾಟ್ಯ ಕಲಿತು ಬ್ಯಾಲೆಗೆ ಬಂದವರು ಇಲ್ಲಿ ಸ್ವಲ್ಪ ಎಚ್ಚರದಿಂದಿರಬೇಕು: ಅರೆಮಂಡಿಯಲ್ಲಿ ನೆಲೆನಿಂತು ನರ್ತಿಸಬೇಕು, ಆದರೆ ಈ ಪ್ಲಿಯೆ ಮೇಲೇಳುವುದಕ್ಕಾಗಿಯೇ ಇರುವಂಥದ್ದು.) ಮೊದಲ ವಾರಗಳಲ್ಲಿ ಆಳವಾದ ಪ್ಲಿಯೆಯೊಂದಿಗೆ ಎಂಟೇ ಸುತ್ತು ಸಾಕು, ನಂತರ ಹದಿನಾರು, ಇಪ್ಪತ್ತನಾಲ್ಕು ಎಂದು ಏರಿಸಿಕೊಳ್ಳಿ. ಹುರುಪಿರುವಾಗ ಮಾಡಿದ 32 ಸುತ್ತು ಲೆಕ್ಕಕ್ಕಿಲ್ಲ. ಯುಗಳ ನೃತ್ಯವನ್ನೂ ಓಡೀಲ್‌ಳ ಏಕವ್ಯಕ್ತಿ ನೃತ್ಯವನ್ನೂ ಮುಗಿಸಿ, ಏದುಸಿರು ಇಳಿಯುವ ಮೊದಲೇ ಮಾಡಿ ನೋಡಬೇಕು. ದೇಹಕ್ಕೆ ಒಗ್ಗದಿದ್ದರೆ ಅದೇನೂ ಅವಮಾನವಲ್ಲ. ರಷ್ಯಾದ ಹೆಸರಾಂತ ನರ್ತಕಿ ಮಾಯಾ ಪ್ಲಿಸೆಟ್ಸ್ಕಾಯಾ ಅವರಂಥವರೇ ಫ್ವೆಟೆಯ ಬದಲು ರಂಗದ ಸುತ್ತ ವೃತ್ತಾಕಾರವಾಗಿ ತಿರುಗುತ್ತ ಸಾಗುವ ಸುತ್ತುಗಳನ್ನು ಹಾಕುತ್ತಿದ್ದರು.

ಓಡೀಲ್‌ಳನ್ನು ಬರೀ ಕೆಟ್ಟವಳಾಗಿ ಆಡಬೇಡಿ. ಓಡೆಟ್‌ಳನ್ನು ಪ್ರೀತಿಸುವ ರಾಜಕುಮಾರ ಮೋಸಹೋಗುವುದು ಅವಳಲ್ಲಿ ಓಡೆಟ್ ಕಂಡಿದ್ದರಿಂದ, ಆದ್ದರಿಂದ ಆ ರೆಕ್ಕೆಯ ತೋಳು ಇಲ್ಲಿಯೂ ಒಂದೆರಡು ಕ್ಷಣ, ತುಸು ಬಿರುಸಾಗಿ, ಬಂದುಹೋಗಬೇಕು.

ಬೆರಳ ತುದಿಯ ಮೇಲೆ ನಿಲ್ಲಲು ತೊಡುವ ಪಾಯಿಂಟ್ ಶೂಗಳನ್ನು ಅಂಕಕ್ಕೆ ತಕ್ಕಂತೆ ಮೊದಲೇ ಬೇರ್ಪಡಿಸಿಡಿ. ಬಟ್ಟೆ ಮತ್ತು ಅಂಟಿನ ಪದರಗಳಿಂದ ಗಟ್ಟಿಮಾಡಿದ ಅದರ ಮುಂತುದಿ ಬೆವರು ಮತ್ತು ಬಿಸಿಗೆ ಮೆತ್ತಗಾಗುತ್ತದೆ; ಒಂದು ಜೋಡಿ ಒಂದೇ ಪ್ರದರ್ಶನದಲ್ಲಿ ಸತ್ತುಹೋಗುವುದೂ ಉಂಟು. ಎರಡನೆಯ ಅಂಕಕ್ಕೆ ಸದ್ದು ಮಾಡದ, ಸ್ವಲ್ಪ ಪಳಗಿದ ಜೋಡಿಯಿರಲಿ. ಮೂರನೆಯದಕ್ಕೆ ಗಟ್ಟಿ ತುದಿಯ ಹೊಸ ಜೋಡಿ ಬೇಕು. ನಾಲ್ಕನೆಯದಕ್ಕೆ ಒದ್ದೆಯಾದ ಹಳೆಯದನ್ನೇ ಮತ್ತೆ ತೊಡದೆ, ಪಳಗಿಸಿ ಒಣಗಿಸಿಟ್ಟ ಮೂರನೆಯ ಜೋಡಿಯನ್ನು ರಿಬ್ಬನ್ ಹೊಲಿದು, ಬಿಳಿ ಉಡುಪಿನ ಪಕ್ಕದಲ್ಲೇ ಇಟ್ಟಿರಿ. ಕಪ್ಪು ಉಡುಪು ಕಳಚಿ ಬಿಳಿಯದನ್ನು ತೊಡುವ ಆ ಅವಸರದಲ್ಲಿ ಸೂಜಿ–ದಾರ ಹುಡುಕಲು ಪುರುಸೊತ್ತಿರುವುದಿಲ್ಲ.