ಪೀಸ್ ಲಿಲಿ ಜೋತು ಬಿದ್ದರೆ ಮೊದಲು ನೋಡಬೇಕಾದ್ದು ಬೇರು

ಮನೆಯೊಳಗಿನ ಪೀಸ್ ಲಿಲಿ ಎಲೆ ಜೋಲು ಹಾಕಿತೆಂದರೆ ಸಾಮಾನ್ಯವಾಗಿ ಎಲ್ಲರೂ ಮಾಡುವುದು ಒಂದೇ, ಒಂದು ಚೊಂಬು ನೀರು ಸುರಿಯುವುದು. ನಾನು ನೋಡಿದ ಗಿಡಗಳಲ್ಲಿ ಬಹುಪಾಲು ಸತ್ತದ್ದು ಆ ಚೊಂಬಿನ ನೀರಿನಿಂದಲೇ. ನೀರು ಸಾಲದಿದ್ದಾಗ ಎಲೆ ಜೋಲುತ್ತದೆ, ನೀರು ಹೆಚ್ಚಾಗಿ ಬೇರು ಕೊಳೆತಾಗಲೂ ಹಾಗೆಯೇ ಜೋಲುತ್ತದೆ. ಎಲೆಯನ್ನು ನೆಟ್ಟಗೆ ನಿಲ್ಲಿಸುವುದು ಅದರ ಜೀವಕೋಶಗಳಲ್ಲಿ ತುಂಬಿರುವ ನೀರಿನ ಒತ್ತಡ. ಆ ನೀರನ್ನು ಎಳೆದು ಕೊಡಬೇಕಾದ ಬೇರೇ ಉಸಿರುಕಟ್ಟಿ ಸತ್ತಿದ್ದರೆ ಕುಂಡ ತುಂಬ ನೀರಿದ್ದೂ ಎಲೆಗೆ ಸಿಗುವುದಿಲ್ಲ. ಅದಕ್ಕೇ ನಾನು ಎಲೆ ನೋಡಿ ಏನನ್ನೂ ತೀರ್ಮಾನಿಸುವುದಿಲ್ಲ. ಮೊದಲು ಕುಂಡ ಎತ್ತಿ ನೋಡುತ್ತೇನೆ.

ಕುಂಡ ಹಗುರ, ಎಲೆ ತೆಳ್ಳಗೆ ಮೆತ್ತಗೆ, ಬಣ್ಣ ಮಾತ್ರ ಹಸಿರೇ ಇದೆ ಎಂದರೆ ಬಾಯಾರಿಕೆ. ಕುಂಡ ಭಾರವಾಗಿದ್ದು, ಕೆಳಗಿನ ಎಲೆ ಹಳದಿಯಾಗಿ, ತೊಟ್ಟು ಬುಡದಲ್ಲಿ ಕಪ್ಪಗಾಗಿದ್ದರೆ ಕೊಳೆ. ಅನುಮಾನವಿದ್ದರೆ ಒಂದು ಬಿದಿರು ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆಯಿರಿ. ಮೇಲಿನ ಒಂದು ಇಂಚು ಒಣಗಿದ್ದು ತಳ ಒದ್ದೆಯಾಗಿರುವುದು ಬಲು ಸಾಮಾನ್ಯ, ಬೆರಳಿಗೆ ಅದು ಗೊತ್ತಾಗುವುದಿಲ್ಲ. ಕಡ್ಡಿಯ ತುದಿ ಮೂಸಿ ನೋಡಿ. ಚರಂಡಿ ವಾಸನೆ ಬಂದರೆ ಮುಂದೆ ಯೋಚಿಸುವುದೇ ಬೇಡ, ಗಿಡ ಹೊರಗೆ ತೆಗೆಯಬೇಕು. ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣಗಳು ಹಾರಾಡುತ್ತಿದ್ದರೂ ಮಣ್ಣು ಬಹಳ ದಿನದಿಂದ ಒದ್ದೆಯಾಗಿಯೇ ಇದೆ ಎಂದರ್ಥ.

ಬೆಂಗಳೂರಿನಲ್ಲಿ ಈ ತೊಂದರೆಯ ಮೂಲ ಬಹುಮಟ್ಟಿಗೆ ಕೆಮ್ಮಣ್ಣು. ಸಿದ್ದಾಪುರದ ನರ್ಸರಿಯಿಂದಲೋ, ಜನವರಿ ಮತ್ತು ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಮಳಿಗೆಯಿಂದಲೋ ತಂದ ಗಿಡದ ಬುಡದಲ್ಲಿ ಜಿಗುಟು ಕೆಮ್ಮಣ್ಣಿನ ಹೆಂಟೆ ಇರುವುದುಂಟು. ನರ್ಸರಿಯಲ್ಲಿ ಅದು ನಡೆಯುತ್ತದೆ: ಶೇಡ್ ನೆಟ್ ಅಡಿಯಲ್ಲಿ ಬೆಳಕು, ಗಾಳಿ ಎರಡೂ ಚೆನ್ನಾಗಿದ್ದು ಮಣ್ಣು ಬೇಗ ಆರುತ್ತದೆ. ಅದೇ ಹೆಂಟೆಯನ್ನು ಹಾಗೆಯೇ ಹೊಸ ಕುಂಡದಲ್ಲಿಟ್ಟು, ಸುತ್ತ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿ, ಹಾಲ್‌ನ ಮೂಲೆಯಲ್ಲಿ ಇಟ್ಟರೆ ಹೊರಗಿನ ಕೋಕೋಪೀಟ್ ಒಣಗಿದ್ದರೂ ನಡುವಿನ ಹೆಂಟೆ ವಾರಗಟ್ಟಲೆ ಕೆಸರಾಗಿಯೇ ಇರುತ್ತದೆ. ಬೇಸಿಗೆಯಲ್ಲಿ ಇದರ ಉಲ್ಟಾ. ಹೆಂಟೆ ಒಮ್ಮೆ ಪೂರ್ತಿ ಒಣಗಿ ಗಟ್ಟಿಯಾದರೆ ಹಾಕಿದ ನೀರು ಬದಿಯಿಂದ ಜಾರಿ ತಟ್ಟೆಗೆ ಬೀಳುತ್ತದೆ, ಒಳಗೆ ಒಂದು ಹನಿಯೂ ಇಳಿಯುವುದಿಲ್ಲ. ನೋಡುವವರಿಗೆ ಮಾತ್ರ ನೀರು ಧಾರಾಳವಾಗಿ ಹಾಕಿದಂತೆಯೇ ಕಾಣುತ್ತದೆ.

ಬರೀ ಒಣಗಿದ ಗಿಡವಾದರೆ ಸುಲಭ. ಕುಂಡದ ಅರ್ಧದವರೆಗೆ ಬರುವಷ್ಟು ನೀರಿರುವ ಬಕೆಟ್‌ನಲ್ಲಿ 30ರಿಂದ 40 ನಿಮಿಷ ಇಡಿ, ಮೇಲ್ಮಣ್ಣು ತೇವವಾದ ಮೇಲೆ ತೆಗೆದು ನೀರು ಪೂರ್ತಿ ಸೋರಲು ಬಿಡಿ. ಪೀಸ್ ಲಿಲಿ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ. ಮರುದಿನವೂ ಏಳದಿದ್ದರೆ ಬೇರು ನೋಡಲೇಬೇಕು.

ಬೇರು ನೋಡುವ ಕೆಲಸಕ್ಕೆ ಅವಸರ ಮಾಡಬಾರದು. ಗಿಡವನ್ನು ಕುಂಡದಿಂದ ಬಿಡಿಸಿ, ಹೆಂಟೆ ಸಮೇತ ಬಕೆಟ್ ನೀರಿನಲ್ಲಿ 20 ನಿಮಿಷ ನೆನೆಸುತ್ತೇನೆ. ಆಮೇಲೆ ನೀರಿನೊಳಗೇ ಬೆರಳಾಡಿಸಿದರೆ ಕೆಮ್ಮಣ್ಣು ತಾನಾಗಿ ಕರಗಿ ಇಳಿಯುತ್ತದೆ, ಎಳೆದರೆ ಒಳ್ಳೆಯ ಬೇರೂ ಕಿತ್ತು ಬರುತ್ತದೆ. ಈಗ ಒಂದೊಂದೇ ಬೇರನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಜಾರಿಸಿ. ಜೀವ ಇರುವ ಬೇರು ಬಿಳಿ ಅಥವಾ ಕೆನೆ ಬಣ್ಣದ್ದು, ಗಟ್ಟಿಯಾಗಿ ನಿಲ್ಲುತ್ತದೆ. ಕೊಳೆತದ್ದು ಕಂದು ಬಣ್ಣದ್ದು. ಅದರ ಸಿಪ್ಪೆ ಬೆರಳಿಗೆ ಲೋಳೆಯಾಗಿ ಕಳಚಿಕೊಂಡು, ನಡುವೆ ದಾರದಂಥ ಎಳೆಯೊಂದು ಮಾತ್ರ ಉಳಿಯುತ್ತದೆ. ಅಂಥವನ್ನೆಲ್ಲ ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ. ಕತ್ತರಿಯನ್ನು ಮೊದಲೂ ಆಮೇಲೂ ಸ್ಪಿರಿಟ್‌ನಲ್ಲಿ ಒರೆಸಬೇಕು. ಅರ್ಧ ಬೇರು ಹೋಗಿದ್ದರೆ ಹೊರಸುತ್ತಿನ ಹಳೆಯ ಎಲೆಗಳನ್ನೂ ಹೂವನ್ನೂ ತೆಗೆದುಬಿಡಿ, ಉಳಿದ ಬೇರು ಅಷ್ಟನ್ನು ಸಾಕಲಾರದು.

ಗಿಡವನ್ನು ಮತ್ತೆ ನೆಡುವ ಮಿಶ್ರಣಕ್ಕೆ ನಾನು ಬಳಸುವ ಅಳತೆ: ಕೋಕೋಪೀಟ್ ಎರಡು ಭಾಗ, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಒಂದು ಭಾಗ, ಎರೆಗೊಬ್ಬರ ಒಂದು ಭಾಗ, ಎಂಟು ಇಂಚಿನ ಕುಂಡಕ್ಕೆ ಒಂದು ಸಣ್ಣ ಹಿಡಿ ಬೇವಿನ ಹಿಂಡಿ. ಬೇರು ಕತ್ತರಿಸಿದ ಗಿಡಕ್ಕೆ ಎರೆಗೊಬ್ಬರ ಅರ್ಧ ಭಾಗ ಸಾಕು, ಹಿಂಡಿ ಬೇಡ. ಕೋಕೋಪೀಟ್ ಇಟ್ಟಿಗೆಯಲ್ಲಿ ಉಪ್ಪಿರಬಹುದು, ಎರಡು ಮೂರು ಸಲ ನೆನೆಸಿ ಹಿಂಡಿ ಆ ಕಂದು ನೀರು ಚೆಲ್ಲಿ. ಪರ್ಲೈಟ್ ಬದಲು ಎಂ-ಸ್ಯಾಂಡ್ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಅದರಲ್ಲಿರುವ ಕಲ್ಲಿನ ಪುಡಿ ಸಂದುಗಳಿಗೆ ಇಳಿದು, ಗಾಳಿಯಾಡಲೆಂದು ಮಾಡಿದ ಮಿಶ್ರಣವನ್ನೇ ಗಟ್ಟಿ ಮಾಡುತ್ತದೆ. ಪರ್ಲೈಟ್ ಸಿಗದಿದ್ದರೆ ಇದ್ದಿಲ ಚೂರು ಒಳ್ಳೆಯದು. ಕುಂಡ ಉಳಿದ ಬೇರಿಗಿಂತ ಒಂದೆರಡು ಇಂಚು ಮಾತ್ರ ಅಗಲವಿರಲಿ, ಅಂದರೆ ಎಷ್ಟೋ ಸಲ ಹಳೆಯದಕ್ಕಿಂತ ಚಿಕ್ಕದೇ ಬೇಕಾಗುತ್ತದೆ. ತಳದಲ್ಲಿ ತೂತಿಲ್ಲದ ಚಂದದ ಸೆರಾಮಿಕ್ ಕುಂಡದೊಳಗೆ ಇಡುವವರು ನೀರು ಹಾಕಿದ ಅರ್ಧ ಗಂಟೆಗೆ ಒಳಗಿನ ಕುಂಡ ಎತ್ತಿ, ತಳದಲ್ಲಿ ನಿಂತ ನೀರು ಚೆಲ್ಲಲೇಬೇಕು.

ಇನ್ನು ನೀರಿನ ಗುಣ. ಕಾವೇರಿ ನೀರು ಬರುವ ಮನೆಗಳಲ್ಲಿ ಈ ಚಿಂತೆ ಕಡಿಮೆ. ಬೋರ್‌ವೆಲ್ ನೀರನ್ನು ಸಾಫ್ಟ್‌ನರ್‌ಗೆ ಹಾಯಿಸಿ ಕೊಡುವ ಅಪಾರ್ಟ್‌ಮೆಂಟ್‌ಗಳಲ್ಲಿ ಎಚ್ಚರ ಬೇಕು. ಸಾಫ್ಟ್‌ನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಸೇರಿಸುತ್ತದೆ. ಬಟ್ಟೆ ಒಗೆಯಲು ಅದು ಒಳ್ಳೆಯದು, ಕುಂಡದಲ್ಲಿ ಆ ಉಪ್ಪು ಕೂಡುತ್ತಾ ಹೋಗಿ ಬೇರು ನೀರೆಳೆಯಲಾರದಂತೆ ಮಾಡುತ್ತದೆ. ಆರ್‌ಒ ಯಂತ್ರದ ವೇಸ್ಟ್ ನೀರೂ ಹಾಗೆಯೇ, ಅದರಲ್ಲಿ ಲವಣ ಮೂಲ ನೀರಿಗಿಂತ ಹೆಚ್ಚು. ನೆಲ ಒರೆಸಲು ಇಟ್ಟುಕೊಳ್ಳಿ, ಗಿಡಕ್ಕೆ ಬೇಡ. ಎಲೆತುದಿ ಕಂದಾಗುವುದು, ಮಣ್ಣಿನ ಮೇಲೆ ಬಿಳಿ ಪದರ ಕಟ್ಟುವುದು ಇದರ ಗುರುತು. ಹಾಗೆ ಕಂಡರೆ ಮೇಲಿನ ಪದರ ಕೆರೆದು ತೆಗೆದು, ಕುಂಡ ಹಿಡಿಸುವ ನೀರಿನ ಮೂರು ಪಟ್ಟು ಮಳೆನೀರನ್ನೋ ಕಾವೇರಿ ನೀರನ್ನೋ ನಿಧಾನವಾಗಿ ಹಾಯಿಸಿ ತಳದಿಂದ ಹರಿಯಬಿಡುತ್ತೇನೆ.

ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನ ಇಲ್ಲಿಯ ಗಾಳಿ ತೀರಾ ಒಣ. ಬೇರು ಕೊಟ್ಟದ್ದಕ್ಕಿಂತ ಬೇಗ ಎಲೆ ನೀರು ಕಳೆದುಕೊಂಡು ಮೂರು ಗಂಟೆಗೆ ಜೋಲುತ್ತದೆ, ಸಂಜೆಗೆ ತಾನೇ ಸರಿಹೋಗುತ್ತದೆ. ಕಡ್ಡಿ ಒದ್ದೆಯಾಗಿದ್ದರೆ ಆಗ ನೀರು ಹಾಕಬೇಡಿ, ಪಶ್ಚಿಮದ ಕಿಟಕಿಯಿಂದ ದೂರ ಸರಿಸಿದರೆ ಸಾಕು. ಎಲೆಗೆ ನೀರು ಸಿಂಪಡಿಸಿದ್ದರ ಪರಿಣಾಮ ಕೆಲವೇ ನಿಮಿಷ. ಇದೇ ತಿಂಗಳುಗಳಲ್ಲಿ ಕೆಂಪು ನುಸಿ ಹತ್ತುತ್ತದೆ, ಎಲೆಯ ಅಡಿಭಾಗವನ್ನು ಬಿಳಿ ಟಿಶ್ಯೂನಿಂದ ಒರೆಸಿ, ಕೆಂಪು ಗೆರೆ ಮೂಡಿದರೆ ಷವರ್ ಕೆಳಗೆ ಹಿಡಿದು ತೊಳೆಯಿರಿ. ಜೂನ್ ನಂತರ ಮೋಡ ಕವಿದಾಗ ಬೇಸಿಗೆಯ ನೀರಿನ ಅಭ್ಯಾಸವನ್ನು ಪೂರ್ತಿ ಬಿಡಬೇಕು. ನಾಲ್ಕು ದಿನಕ್ಕೊಮ್ಮೆ ಬೇಡುತ್ತಿದ್ದ ಕುಂಡ ಹತ್ತು ದಿನವಾದರೂ ಆರದಿರಬಹುದು.

ಬೇರು ಕತ್ತರಿಸಿ ನೆಟ್ಟ ಗಿಡ ಮೊದಲ ವಾರ ಜೋತೇ ಇರುತ್ತದೆ. ಬೆಳಕಿರುವ, ಬಿಸಿಲು ತಾಗದ ಜಾಗದಲ್ಲಿಟ್ಟು, ತೂತು ಮಾಡಿದ ದೊಡ್ಡ ಪ್ಲಾಸ್ಟಿಕ್ ಕವರ್ ಸಡಿಲವಾಗಿ ಮುಚ್ಚಿ. ದಿನಕ್ಕೊಮ್ಮೆ ಕವರ್ ಎತ್ತಿ ಗಾಳಿಯಾಡಿಸಿ. ಮತ್ತೆ ನೀರು ಹಾಕುವುದು ಮೇಲಿನ ಎರಡು ಇಂಚು ಆರಿದ ಮೇಲೆಯೇ. ದ್ರವಗೊಬ್ಬರವೇನಾದರೂ ಕೊಡುವುದಿದ್ದರೆ ನಡುವಿನಿಂದ ಹೊಸ ಸುಳಿ ಬಂದು ಎಲೆ ಬಿಚ್ಚಿಕೊಂಡ ಮೇಲೆ, ಅದೂ ಡಬ್ಬಿಯ ಮೇಲೆ ಬರೆದ ಪ್ರಮಾಣದ ಅರ್ಧ.