ಲಿನಕ್ಸ್ ಹಾಕಿದ ಮೇಲೆ ಬೂಟ್ ಆಗುತ್ತಿಲ್ಲವೇ? ಎಲ್ಲಿ ನಿಂತಿದೆ ನೋಡಿ

ಹೋದ ತಿಂಗಳು ಪಕ್ಕದ ಮನೆಯ ಹುಡುಗಿ ರಾತ್ರಿ ಒಂಬತ್ತು ಗಂಟೆಗೆ ಲ್ಯಾಪ್‌ಟಾಪ್ ಹಿಡಿದು ಬಂದಳು. ಎಂಜಿನಿಯರಿಂಗ್ ಮೊದಲ ವರ್ಷ. ಎಸ್.ಪಿ. ರಸ್ತೆಯಲ್ಲಿ ಅಪ್ಪ ಕೊಡಿಸಿದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಅದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಈ ಹಳೆ ಪ್ರೊಸೆಸರ್‌ಗೆ ಆಗುವುದಿಲ್ಲ. ಅದಕ್ಕೇ ಲಿನಕ್ಸ್ ಮಿಂಟ್ ಹಾಕಿದ್ದಳು. ಇನ್‌ಸ್ಟಾಲ್ ಸರಿಯಾಗಿಯೇ ಮುಗಿಯಿತು. ರೀಸ್ಟಾರ್ಟ್ ಮಾಡಿದರೆ ಕಪ್ಪು ಪರದೆ ಮೇಲೆ ಒಂದೇ ಸಾಲು: ‘ನೋ ಬೂಟಬಲ್ ಡಿವೈಸ್’. ಮೂರು ಸಲ ಮತ್ತೆ ಇನ್‌ಸ್ಟಾಲ್ ಮಾಡಿದಳಂತೆ. ಮೂರು ಸಲವೂ ಅದೇ ಸಾಲು.

“ಅಂಕಲ್, ಹಾಳಾಗೋಯ್ತಾ?” ಅಂದಳು.

ಏನೂ ಹಾಳಾಗಿರಲಿಲ್ಲ. ಆದರೆ ಸುಮ್ನೆ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುವುದು ಪರಿಹಾರವಲ್ಲ. ಕರೆಂಟ್ ಹೋದಾಗ ನಾವು ಮೊದಲು ಬೀದಿದೀಪ ನೋಡುತ್ತೇವೆ, ಆಮೇಲೆ ಎದುರು ಮನೆ, ಆಮೇಲೆ ನಮ್ಮ ಮನೆ ಫ್ಯೂಸ್. ಇಲ್ಲೂ ಹಾಗೇ ಮಾಡಬೇಕು. ಪವರ್ ಬಟನ್ ಒತ್ತಿದಾಗ ಮೊದಲು ಏಳುವುದು ಮದರ್‌ಬೋರ್ಡ್‌ನೊಳಗಿನ ಪುಟ್ಟ ಸಾಫ್ಟ್‌ವೇರ್: ಹಳೆಯದಾದರೆ ಬಯಾಸ್, ಹೊಸದಾದರೆ ಯುಇಎಫ್ಐ. ಅದು ಡಿಸ್ಕಿನಲ್ಲಿರುವ ಗ್ರಬ್ ಎಂಬ ಬೂಟ್‌ಲೋಡರನ್ನು ಎಬ್ಬಿಸುತ್ತದೆ. ಗ್ರಬ್ ಲಿನಕ್ಸ್‌ನ ತಿರುಳಾದ ಕರ್ನಲ್ಲನ್ನು ಎಬ್ಬಿಸುತ್ತದೆ. ಕರ್ನಲ್ ಎದ್ದು ಡಿಸ್ಕನ್ನೂ ಪರದೆಯನ್ನೂ ಸಿದ್ಧ ಮಾಡುತ್ತದೆ. ಈ ಸರಪಳಿ ಎಲ್ಲಿ ತುಂಡಾಗಿದೆ ಅನ್ನುವುದನ್ನು ಪರದೆಯೇ ಹೇಳುತ್ತದೆ. ಹಾಗಾಗಿ ಮೊದಲು ಪರದೆಯ ಫೋಟೊ ತೆಗೆದುಕೊಳ್ಳಿ. ಇನ್‌ಸ್ಟಾಲ್‌ಗೆ ಬಳಸಿದ ಪೆನ್‌ಡ್ರೈವನ್ನು ಅಳಿಸಬೇಡಿ, ಮುಂದೆ ಬೇಕಾಗುತ್ತದೆ.

ಗ್ರಬ್ ಬರುವ ಮೊದಲೇ ನಿಂತರೆ

‘ನೋ ಬೂಟಬಲ್ ಡಿವೈಸ್’ ಬಂದರೆ, ಅಥವಾ ಲಿನಕ್ಸ್ ಸುಳಿವೇ ಇಲ್ಲದೆ ನೇರವಾಗಿ ವಿಂಡೋಸ್ ತೆರೆದುಕೊಂಡರೆ, ತೊಂದರೆ ಮೊದಲ ಹಂತದಲ್ಲಿದೆ. ಪೆನ್‌ಡ್ರೈವ್ ತೆಗೆದು, ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀ ಒತ್ತುತ್ತಾ ಇರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್. ಪಟ್ಟಿಯಲ್ಲಿ ‘ಉಬುಂಟು’ ಅಂತ ಇದ್ದರೆ ಅದನ್ನು ಆರಿಸಿ. ಮಿಂಟ್ ಅನ್ನು ಕಟ್ಟಿರುವುದೇ ಉಬುಂಟು ಎಂಬ ಇನ್ನೊಂದು ಲಿನಕ್ಸ್ ಮೇಲೆ. ಹಾಗಾಗಿ ಮಿಂಟ್ ಹಾಕಿದ್ದರೂ ಅಲ್ಲಿ ಉಬುಂಟು ಎಂದೇ ಇರುತ್ತದೆ, ಗಾಬರಿ ಬೇಡ. ಲಿನಕ್ಸ್ ತೆರೆದುಕೊಂಡರೆ, ಬಯಾಸ್ ಅಥವಾ ಯುಇಎಫ್ಐ ಸೆಟಪ್‌ಗೆ ಹೋಗಿ ಬೂಟ್ ಆರ್ಡರ್‌ನಲ್ಲಿ ಅದನ್ನು ಮೇಲಕ್ಕೆ ತಂದರೆ ಮುಗಿಯಿತು.

ಪಟ್ಟಿಯಲ್ಲಿ ಉಬುಂಟು ಇಲ್ಲವೇ? ನಾನು ಅತಿ ಹೆಚ್ಚು ಸಲ ಕಂಡಿರುವ ತಪ್ಪು ಇಲ್ಲೇ ಇರುತ್ತದೆ. ಹಲವು ಲ್ಯಾಪ್‌ಟಾಪ್‌ಗಳ ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಾಲಿನಲ್ಲಿ ಕಾಣುತ್ತದೆ. ಒಂದು ಸಾಲಿನ ಮೊದಲಿಗೆ ಯುಇಎಫ್ಐ ಎಂದಿರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಎರಡನೆಯದು ಲೆಗಸಿ, ಅಂದರೆ ಹಳೆಯ ಬಯಾಸ್ ಪದ್ಧತಿ. ಅದರಿಂದ ಇನ್‌ಸ್ಟಾಲ್ ಮಾಡಿದರೆ ಗ್ರಬ್ ಕೂಡ ಹಳೆಯ ಪದ್ಧತಿಯ ಜಾಗದಲ್ಲೇ ಕೂರುತ್ತದೆ. ಯುಇಎಫ್ಐ ಹುಡುಕುವುದು ಬೇರೆ ಜಾಗದಲ್ಲಿ. ಪಕ್ಕದ ಮನೆ ಹುಡುಗಿ ಮೂರು ಸಲವೂ ಆರಿಸಿದ್ದು ಆ ಎರಡನೇ ಸಾಲನ್ನೇ.

ಪರೀಕ್ಷಿಸುವುದು ಸುಲಭ. ಪೆನ್‌ಡ್ರೈವ್‌ನಿಂದ ಲಿನಕ್ಸ್ ತೆರೆಯಿರಿ. ಫೈಲ್ ಮ್ಯಾನೇಜರಿನಲ್ಲಿ ಫೈಲ್ ಸಿಸ್ಟಂ ಎಂಬಲ್ಲಿಂದ ‘ಸಿಸ್’, ಅದರೊಳಗೆ ‘ಫರ್ಮ್‌ವೇರ್’ ಫೋಲ್ಡರಿಗೆ ಹೋಗಿ. ಅಲ್ಲಿ ‘ಇಎಫ್ಐ’ ಎಂಬ ಫೋಲ್ಡರ್ ಇದ್ದರೆ ನೀವು ಯುಇಎಫ್ಐ ಪದ್ಧತಿಯಲ್ಲಿದ್ದೀರಿ. ಇಲ್ಲದಿದ್ದರೆ ಹಿಂದಕ್ಕೆ ಹೋಗಿ ಇನ್ನೊಂದು ಸಾಲನ್ನು ಆರಿಸಿ.

ಸರಿಯಾದ ಪದ್ಧತಿಯಲ್ಲಿ ತೆರೆದ ಮೇಲೆ ವೈಫೈಗೆ ಸೇರಿಸಿ. ಮಿಂಟ್ ಪೆನ್‌ಡ್ರೈವ್‌ನ ಮೆನುವಿನಲ್ಲಿ ಅಡ್ಮಿನಿಸ್ಟ್ರೇಷನ್ ಕೆಳಗೆ ‘ಬೂಟ್ ರಿಪೇರ್’ ಇರುತ್ತದೆ. ತೆರೆದು ‘ರೆಕಮೆಂಡೆಡ್ ರಿಪೇರ್’ ಒತ್ತಿ. ಅದು ಗ್ರಬ್ ಅನ್ನು ಸರಿಯಾದ ಜಾಗದಲ್ಲಿ ಕೂರಿಸುತ್ತದೆ. ನಿಮ್ಮ ಫೈಲುಗಳಿಗೆ ಕೈ ಹಾಕುವುದಿಲ್ಲ. ಹುಡುಗಿಯ ಲ್ಯಾಪ್‌ಟಾಪ್ ಇಷ್ಟಕ್ಕೇ ಎದ್ದು ಕೂತಿತು. ಯುಇಎಫ್ಐಗೆ ಬೇಕಾದ ಚಿಕ್ಕ ಪಾರ್ಟಿಷನ್ (ಡಿಸ್ಕಿನಲ್ಲಿ ಬೇರೆಯಾಗಿ ಮಾಡಿಟ್ಟ ಭಾಗ) ಇಲ್ಲದೇ ಹೋದರೆ ಮಾತ್ರ, ಯುಇಎಫ್ಐ ಸಾಲಿನಿಂದ ಮತ್ತೊಮ್ಮೆ ಇನ್‌ಸ್ಟಾಲ್ ಮಾಡುವುದೇ ಸುಲಭ.

ಸಹಿ ಇಲ್ಲದ ಸಾಫ್ಟ್‌ವೇರ್ ಬೂಟ್ ಆಗದಂತೆ ತಡೆಯುವ ಕಾವಲು ‘ಸೆಕ್ಯೂರ್ ಬೂಟ್’. ಅದರ ಹೆಸರು ಹೇಳಿ ದೂರುವ ಸಂದೇಶ ಬಂದರೆ ಸೆಟಪ್‌ನಲ್ಲಿ ಅದನ್ನು ಆಫ್ ಮಾಡಬಹುದು. ಆದರೆ ಪಕ್ಕದಲ್ಲಿ ವಿಂಡೋಸ್ ಕೂಡ ಇದೆಯಾ? ಹಾಗಿದ್ದರೆ ಮೊದಲು ಬಿಟ್‌ಲಾಕರ್‌ನ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಸೆಕ್ಯೂರ್ ಬೂಟ್ ಬದಲಿಸಿದ ಮೇಲೆ ವಿಂಡೋಸ್ ಅದನ್ನು ಕೇಳಬಹುದು. ಆಗ ಕೀ ಇಲ್ಲದಿದ್ದರೆ ವಿಂಡೋಸ್‌ನಲ್ಲಿರುವ ಫೈಲುಗಳೆಲ್ಲ ಬೀಗದೊಳಗೇ ಉಳಿಯುತ್ತವೆ. ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ.

‘ಗ್ರಬ್ ರೆಸ್ಕ್ಯೂ’ ಎಂದು ನಿಂತರೆ

ಗ್ರಬ್‌ನ ಮೊದಲ ತುಣುಕು ಎದ್ದಿದೆ, ಉಳಿದ ಭಾಗ ಅದಕ್ಕೆ ಸಿಗುತ್ತಿಲ್ಲ ಎಂದರ್ಥ. ಪಾರ್ಟಿಷನ್ ಅಳಿಸಿದಾಗ ಅಥವಾ ಕದಲಿಸಿದಾಗ ಹೀಗಾಗುತ್ತದೆ. ಇದಕ್ಕೂ ಬೂಟ್ ರಿಪೇರೇ ಮದ್ದು.

ಗ್ರಬ್ ಬಂತು, ಆಮೇಲೆ ಬರೀ ಕತ್ತಲೆ

ಇದು ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡಿನ ತಕರಾರು. ಎನ್‌ವಿಡಿಯಾ ಕಾರ್ಡ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಜಾಸ್ತಿ. ಒಳಗೆ ಲಿನಕ್ಸ್ ಓಡುತ್ತಿರುತ್ತದೆ, ಪರದೆಗೆ ಮಾತ್ರ ಚಿತ್ರ ಬರುವುದಿಲ್ಲ.

ಗ್ರಬ್ ಮೆನುವಿನಲ್ಲಿ ಮೊದಲ ಸಾಲಿನ ಮೇಲೆ ನಿಂತು ಇಂಗ್ಲಿಷಿನ ‘ಇ’ ಕೀ ಒತ್ತಿ. ಮೆನುವೇ ಕಾಣದಿದ್ದರೆ ಆನ್ ಆಗುವಾಗ ಎಸ್ಕೇಪ್ ಒತ್ತಿ, ಲೆಗಸಿಯಲ್ಲಾದರೆ ಶಿಫ್ಟ್ ಹಿಡಿದುಕೊಳ್ಳಿ. ಈಗ ಕೆಲವು ಸಾಲು ಕಾಣುತ್ತವೆ. ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ಹೋಗಿ. ಅಲ್ಲಿ ‘ಕ್ವಯಟ್ ಸ್ಪ್ಲಾಶ್’ ಎಂಬ ಎರಡು ಪದ ಇರುತ್ತವೆ. ಒಂದು ಸ್ಪೇಸ್ ಬಿಟ್ಟು ‘ನೋಮೋಡ್‌ಸೆಟ್’ ಎಂದು ಸೇರಿಸಿ. ಚಿಕ್ಕಕ್ಷರಗಳಲ್ಲಿ, ನಡುವೆ ಜಾಗವಿಲ್ಲದೆ: ಎನ್, ಒ, ಎಂ, ಒ, ಡಿ, ಇ, ಎಸ್, ಇ, ಟಿ. ಆಮೇಲೆ ಎಫ್10 ಒತ್ತಿ.

ಡೆಸ್ಕ್‌ಟಾಪ್ ಬಂದರೆ ಅಲ್ಲಿಗೇ ಬಿಡಬೇಡಿ. ಈ ಬದಲಾವಣೆ ಒಂದು ಸಲಕ್ಕೆ ಮಾತ್ರ. ಡ್ರೈವರ್ ಮ್ಯಾನೇಜರ್ ತೆರೆದು ಶಿಫಾರಸು ಮಾಡಿದ ಡ್ರೈವರ್ ಹಾಕಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಆಗ ಒಂದು ಹೊಸ ಪಾಸ್‌ವರ್ಡ್ ಇಡಲು ಕೇಳುತ್ತದೆ. ರೀಸ್ಟಾರ್ಟ್ ಆದಾಗ ಕೆಲವೇ ಸೆಕೆಂಡ್ ಒಂದು ನೀಲಿ ಪರದೆ ಬರುತ್ತದೆ. ಅಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಆ ಹೊತ್ತಿಗೆ ಎದ್ದು ಕಾಫಿಗೆ ಹೋದರೆ ಪರದೆ ದಾಟಿ ಹೋಗುತ್ತದೆ, ಡ್ರೈವರ್ ಕೆಲಸ ಮಾಡುವುದಿಲ್ಲ.

ಡಿಸ್ಕ್ ಹತ್ತಿರ ಎಡವಿದರೆ

‘ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್’ ಎಂದು ಒಂದೂವರೆ ನಿಮಿಷ ಎಣಿಸಿ, ಆಮೇಲೆ ‘ಎಮರ್ಜೆನ್ಸಿ ಮೋಡ್’ ಬರುವುದುಂಟು. ಇಲ್ಲದ ಪಾರ್ಟಿಷನ್ನಿಗಾಗಿ ಲಿನಕ್ಸ್ ಕಾಯುತ್ತಿರುತ್ತದೆ. ಪೆನ್‌ಡ್ರೈವ್‌ನಿಂದ ತೆರೆದು, ಡಿಸ್ಕಿನ ‘ಇಟಿಸಿ’ ಫೋಲ್ಡರನ್ನು ರೂಟ್ ಆಗಿ, ಅಂದರೆ ಪೂರ್ತಿ ಅಧಿಕಾರದೊಂದಿಗೆ ತೆರೆಯಿರಿ. ಆನ್ ಆಗುವಾಗ ಯಾವ ಪಾರ್ಟಿಷನ್ ಸೇರಿಸಿಕೊಳ್ಳಬೇಕು ಎಂಬ ಪಟ್ಟಿ ‘ಎಫ್‌ಎಸ್‌ಟ್ಯಾಬ್’ ಫೈಲಿನಲ್ಲಿರುತ್ತದೆ. ಅದರಲ್ಲಿ ಆ ಪಾರ್ಟಿಷನ್ನಿನ ಸಾಲಿನ ಮೊದಲಿಗೆ ಹ್ಯಾಶ್ ಗುರುತು ಹಾಕಿ ಉಳಿಸಿ. ವಿಂಡೋಸ್ ಪಾರ್ಟಿಷನ್ನನ್ನು ಅಲ್ಲಿ ಸೇರಿಸಿದ್ದವರು ವಿಂಡೋಸ್‌ನ ಪವರ್ ಆಪ್ಷನ್‌ಗಳಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಆ ಪಾರ್ಟಿಷನ್ನನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ.

‘ಇನಿಟ್‌ರಾಮ್‌ಎಫ್‌ಎಸ್’ ಎಂದು ಆವರಣದಲ್ಲಿ ಬಂದು ನಿಂತರೆ ‘ಎಕ್ಸಿಟ್’ ಎಂದು ಟೈಪ್ ಮಾಡಿ. ಕೆಟ್ಟಿರುವ ಪಾರ್ಟಿಷನ್ನಿನ ಹೆಸರು ಪರದೆ ಮೇಲೆ ಬರುತ್ತದೆ. ಎಫ್, ಎಸ್, ಸಿ, ಕೆ ಎಂಬ ನಾಲ್ಕು ಅಕ್ಷರ, ಸ್ಪೇಸ್, ಆಮೇಲೆ ಆ ಹೆಸರು ಕೊಡಿ. ಕೇಳಿದ್ದಕ್ಕೆಲ್ಲ ‘ವೈ’ ಒತ್ತಿ ರೀಸ್ಟಾರ್ಟ್ ಮಾಡಿ.

ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ನಲ್ಲಿ ಇದು ವಾರಕ್ಕೊಮ್ಮೆ ಬರುತ್ತಿದ್ದರೆ ತಪ್ಪು ಲಿನಕ್ಸ್‌ನದ್ದಲ್ಲ. ‘ಡಿಸ್ಕ್ಸ್’ ಎಂಬ ಆ್ಯಪ್ ತೆರೆದು ಸ್ಮಾರ್ಟ್ ಡೇಟಾ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ ನೋಡಿ. ಹಾರ್ಡ್ ಡಿಸ್ಕ್ ಆದರೆ ‘ರೀಅಲೊಕೇಟೆಡ್ ಸೆಕ್ಟರ್ ಕೌಂಟ್’ (ಕೆಟ್ಟುಹೋಗಿ ಬದಲಿಸಿದ ಜಾಗಗಳ ಸಂಖ್ಯೆ) ದಿನದಿಂದ ದಿನಕ್ಕೆ ಏರುತ್ತಿದೆಯಾ ಗಮನಿಸಿ. ಏರುತ್ತಿದ್ದರೆ ಅವತ್ತೇ ಫೈಲುಗಳನ್ನು ಬೇರೆ ಡ್ರೈವ್‌ಗೆ ಕಾಪಿ ಮಾಡಿ, ಹೊಸ ಎಸ್‌ಎಸ್‌ಡಿ ಹಾಕಿಸಿ.