ಗೋಣಿಬಟ್ಟೆಯ ಮೇಲೆ ಕೆಮ್ಮಣ್ಣು: ಮಲೆನಾಡಿನ ಮಳೆಗೂ ನಿಂತ ಚಿತ್ರಗಳು

ಹಲಗೆಯ ಮೇಲೆ ಮೆತ್ತಿದ ಮಣ್ಣು ಒಂದು ಮಳೆಗಾಲವನ್ನೂ ದಾಟುವುದಿಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಸಾಗರದ ನಮ್ಮ ಮನೆಯಲ್ಲಿ ತೂಗುಹಾಕಿರುವ ಕೆಮ್ಮಣ್ಣಿನ ಚಿತ್ರಗಳು ಈಗ ಐದಾರು ಮಳೆಗಾಲಗಳನ್ನು ಕಂಡಿವೆ. ಅವುಗಳಲ್ಲಿ ಬಿರುಕಿಲ್ಲ, ಬೂಷ್ಟಿಲ್ಲ, ಒಣಗಿದ ಬಿಳಿ ಬಟ್ಟೆಯಿಂದ ಉಜ್ಜಿದರೆ ಬಟ್ಟೆಗೆ ಬಣ್ಣ ಹತ್ತುವುದಿಲ್ಲ. ಇಷ್ಟು ಕಾಲ ಕಾದು ನೋಡಿದ ಮೇಲೆಯೇ ಬರೆಯಬೇಕೆಂದುಕೊಂಡಿದ್ದೆ. ಮಿಶ್ರ ಮಾಧ್ಯಮದಲ್ಲಿ ಕೆಲಸ ಮಾಡುವವರಿಗೆ ಹಲಗೆ, ಬಣ್ಣಕ್ಕೆ ಮೊದಲು ಹಚ್ಚುವ ಪ್ರೈಮರ್, ಬಣ್ಣ ಮೆತ್ತುವ ಪ್ಯಾಲೆಟ್ ನೈಫ್‌ಗಳ ಬಗ್ಗೆ ಹೇಳಬೇಕಾಗಿಲ್ಲವಾದ್ದರಿಂದ ಆ ಪೀಠಿಕೆಯನ್ನು ಬಿಡುತ್ತೇನೆ.

ನನಗೆ ಮಣ್ಣಿನ ಹುಚ್ಚು ಹಿಡಿದದ್ದು ರಸ್ತೆ ಅಗಲ ಮಾಡಲು ಕಡಿದ ಧರೆಗಳನ್ನು (ಗುಡ್ಡದ ಮಣ್ಣಿನ ಬದಿಗಳನ್ನು) ನೋಡಿ. ಒಂದೇ ಧರೆಯಲ್ಲಿ ಮೇಲೆ ಗಾಢ ಕೆಂಪು, ಅದರ ಕೆಳಗೆ ಕಿತ್ತಳೆ, ಮತ್ತೆ ಹಳದಿ, ತೀರಾ ಕೆಳಗೆ ನಸುನೇರಳೆ ಬೆರೆತ ಬಿಳಿ. ಸಂಜೆಯ ಓರೆ ಬಿಸಿಲು ಬಿದ್ದಾಗ ಪ್ರತಿ ಹರಳಿಗೂ ಸಣ್ಣದೊಂದು ನೆರಳು ಹುಟ್ಟಿ, ಒಂದೇ ಕೆಂಪು ಎರಡು ಕೆಂಪಾಗಿ ಕಾಣುತ್ತದೆ. ಟ್ಯೂಬಿನ ಬಣ್ಣವನ್ನು ಎಷ್ಟು ದಪ್ಪವಾಗಿ ಹಚ್ಚಿದರೂ ಅದು ಸಿಗುವುದಿಲ್ಲ. ಒರಟುತನ ಬೇರೆ, ಬಣ್ಣ ಬೇರೆ ಎಂದು ಎರಡು ಹಂತದಲ್ಲಿ ಮಾಡುವ ಕೆಲಸ ನನಗೆ ಎಂದೂ ತೃಪ್ತಿ ಕೊಟ್ಟಿಲ್ಲ. ಕೈಗೆ ಸಿಗುವ ಹರಳೇ ಕಣ್ಣಿಗೆ ಕಾಣುವ ಬಣ್ಣವೂ ಆಗಿರಬೇಕು.

ಅನುಮಾನಪಟ್ಟವರ ಮಾತಿಗೆ ಆಧಾರವಿತ್ತು. ನಮ್ಮ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ, ಆದರೆ ಆ ಗೋಡೆಗೆ ಮತ್ತೆ ಮತ್ತೆ ಹೊಸದಾಗಿ ಮಣ್ಣು ಬಳಿಯುವ ರೂಢಿಯಿದೆ. ದುಡ್ಡು ಕೊಟ್ಟು ಚಿತ್ರ ಕೊಂಡವರಿಗೆ ವರ್ಷಕ್ಕೊಮ್ಮೆ ಬಳಿದುಕೊಳ್ಳಿ ಎನ್ನಲಾಗದು.

ಮೊದಲು ಜರಡಿ ಹಿಡಿದ ಮಣ್ಣಿಗೆ ಮರಗೆಲಸದ ಬಿಳಿ ಅಂಟನ್ನು ಬೆರೆಸಿ ಹಚ್ಚಿದೆ. ಬೇಸಿಗೆಯಲ್ಲಿ ಕಲ್ಲಿನಂತಿದ್ದ ಪದರವು ಆಷಾಢದಲ್ಲಿ ತೇವ ಹೀರಿ ಮೆತ್ತಗಾಗಿ, ಮೂಲೆಗಳಲ್ಲಿ ಎದ್ದು ಬಂತು. ಬಳಿಕ ಗಂಜಿಯನ್ನು ಬಳಸಿದಾಗ ಬೂಷ್ಟು ಹಿಡಿಯಿತು. ಪುಸ್ತಕ ಕಟ್ಟುವವರು ಅಂಟಿಗೆ ಮೈಲುತುತ್ತ ಹಾಕುವುದನ್ನು ನೋಡಿದ್ದರಿಂದ ಅದನ್ನೂ ಹಾಕಿದೆ. ಬೂಷ್ಟು ನಿಂತಿತು, ಆದರೆ ಹಳದಿ ಮಣ್ಣು ಹಸಿರಿಗೆ ತಿರುಗಿ ಮಂಕಾಯಿತು. ಮಣ್ಣನ್ನು ನೀರಿನಲ್ಲಿ ಕದಡಿ, ಮರಳು ತಳಕ್ಕಿಳಿದ ಮೇಲೆ ತಿಳಿಗೆಂಪು ನೀರನ್ನು ಬಸಿದು, ಅದರ ಗಸಿಯನ್ನಷ್ಟೇ ಬಳಸಿದಾಗ ಬಣ್ಣವೇನೋ ಅದ್ಭುತವಾಗಿ ಬಂತು. ಆದರೆ ನುಣುಪಾದ ಜೇಡಿ ಒಣಗುವಾಗ ಹೆಚ್ಚು ಕುಗ್ಗುವುದರಿಂದ ಇಡೀ ಹಲಗೆ ಬತ್ತಿದ ಕೆರೆಯಂತೆ ಸೀಳಿತು. ಇಷ್ಟರಲ್ಲಿ ಪ್ಲೈವುಡ್, ಅಂಟು, ಚೌಕಟ್ಟು ಎಲ್ಲ ಸೇರಿ ಮೂವತ್ತು ಸಾವಿರದಷ್ಟು ಕಳೆದಿರಬೇಕು. ಮಾರಿದ್ದ ಒಂದೆರಡು ಚಿತ್ರಗಳನ್ನು ವಾಪಸು ಪಡೆದು ಹಣ ಹಿಂದಿರುಗಿಸಿದ್ದು ಇದರಲ್ಲಿ ಸೇರಿಲ್ಲ.

ದಾರಿ ತೋರಿಸಿದ್ದು ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯಲ್ಲಿ ಲೇಪದಿಂದ ಉಬ್ಬು ಮೂಡಿಸುವ ಗೆಸ್ಸೊ ಕೆಲಸ. ತಂಜಾವೂರು ಶೈಲಿಯಲ್ಲಿ ಉಬ್ಬು ದಪ್ಪಗಿರುತ್ತದೆ. ಮೈಸೂರಿನವರು ಸಫೇದ ಎಂಬ ಬಿಳಿ ಪುಡಿ, ಮಕ್ಕಿ ಎಂಬ ಹಳದಿ ರಾಳ, ಅಂಟು ಸೇರಿಸಿದ ಮಿಶ್ರಣವನ್ನು ಕುಂಚದಲ್ಲಿ ತೆಳ್ಳಗೆ, ಒಂದರ ಮೇಲೊಂದಾಗಿ ಎಳೆದು ಉಬ್ಬಿಸಿ, ಆಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ನಾನೂ ಒಮ್ಮೆಗೇ ಮೆತ್ತುವುದನ್ನು ಬಿಟ್ಟು ತೆಳು ಪದರಗಳಿಗೆ ಬಂದೆ. ಈಗ ಹಲಗೆಯ ಎರಡೂ ಮುಖಗಳಿಗೆ ಪ್ರೈಮರ್ ಹಚ್ಚಿ, ತೊಳೆದು ಒಣಗಿಸಿದ ಗೋಣಿಬಟ್ಟೆಯನ್ನು ಅಂಟಿಸುತ್ತೇನೆ. ಸ್ಕ್ರೀನ್ ಪ್ರಿಂಟಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಅಕ್ರಿಲಿಕ್ ಬೈಂಡರ್ ಎಂಬ ಅಂಟು ಒಂದು ಪಾಲು, ಒಣ ಮಿಶ್ರಣ ಸುಮಾರು ನಾಲ್ಕು ಪಾಲು. ಆ ನಾಲ್ಕರಲ್ಲಿ ಎರಡು ಪಾಲು ತೊಳೆದ ಮಣ್ಣು, ಒಂದು ಪಾಲು ಸಣ್ಣ ಮರಳು, ಇನ್ನೊಂದು ಪಾಲು ಅಮೃತಶಿಲೆಯ ಪುಡಿ. ಈ ಪುಡಿಯನ್ನು ಕಲ್ಲು ಕೊಯ್ಯುವವರು ಬಿಟ್ಟಿಯಾಗಿಯೇ ಕೊಡುತ್ತಾರೆ. ಗಾರೆ ಕೆಲಸದವರು ಮಾಡುವ ಹಾಗೆ ಕೆಳಗಿನ ಪದರಕ್ಕೆ ಅಂಟು ಹೆಚ್ಚು, ಮೇಲಿನದಕ್ಕೆ ಕಡಿಮೆ. ನೀರಿಗೆ ಬೆರೆಸುವ ಒಂದು ವಸ್ತು, ಮತ್ತು ಎರಡನೆಯ ಪದರವನ್ನು ಯಾವ ಹದದಲ್ಲಿ ಹಚ್ಚಬೇಕೆಂಬ ಲೆಕ್ಕ ಇವೆರಡನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಅಂಟಿನ ಪ್ರಮಾಣ ಮೀರಿದರೆ ಚಿತ್ರ ಗಟ್ಟಿಯಾಗಬಹುದು, ಮಣ್ಣು ಮಾತ್ರ ಸಾಯುತ್ತದೆ. ಒಣ ಮಣ್ಣಿನ ಆ ಪುಡಿಪುಡಿಯಾದ ಹೊಳಪಿಲ್ಲದ ಕೆಂಪು ಉಳಿಯುವುದು ಕಣಗಳ ನಡುವೆ ಗಾಳಿ ಇರುವವರೆಗೆ. ಅಂಟು ಆ ಸಂದುಗಳನ್ನು ತುಂಬಿದ ಕೂಡಲೇ ಒದ್ದೆಯಾದ ಮಣ್ಣಿನ ಕಂದುಬಣ್ಣ ಬಂದುಬಿಡುತ್ತದೆ. ವಾರ್ನಿಷ್ ಹೊಡೆದರೂ ಇದೇ ಗತಿ. ಬಿಳಿ ಬಟ್ಟೆಗೆ ಬಣ್ಣ ಹತ್ತುವುದು ನಿಲ್ಲುವ ಹಂತವೇ ಮಿತಿ, ಅದಕ್ಕಿಂತ ಒಂದು ಚಮಚೆಯೂ ಹೆಚ್ಚು ಬೇಡ. ಬೇರೆ ಬೇರೆ ಊರಿನ ಮಣ್ಣಿಗೆ ಈ ಮಿತಿ ಬೇರೆಯಾದ್ದರಿಂದ ಪ್ರತಿ ಮಣ್ಣಿಗೂ ಅಂಗೈ ಅಗಲದ ಹಲಗೆಯ ಮೇಲೆ ಪರೀಕ್ಷೆ ಮಾಡಿಯೇ ಮುಂದುವರಿಯುತ್ತೇನೆ.

ನಡುವೆ ನಡೆದ ಪ್ರಯೋಗಗಳಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟದ್ದು ಹಳದಿ ಮಣ್ಣನ್ನು ಹುರಿದದ್ದು. ಕಬ್ಬಿಣದ ಬಾಣಲೆಯಲ್ಲಿ ಸೌದೆ ಒಲೆಯ ಮೇಲೆ ಕೈಯಾಡಿಸುತ್ತ ಹುರಿದರೆ, ಮಣ್ಣಿನೊಳಗಿನ ಕಬ್ಬಿಣದ ಅಂಶದಲ್ಲಿ ಸೇರಿಕೊಂಡಿರುವ ನೀರು ಬಿಟ್ಟುಹೋಗಿ ಹಳದಿಯು ಕಿತ್ತಳೆಗೆ, ಕಿತ್ತಳೆಯು ಇಟ್ಟಿಗೆಗೆಂಪಿಗೆ ಏರುತ್ತದೆ. ಐದೈದು ನಿಮಿಷಕ್ಕೊಮ್ಮೆ ಒಂದು ಮುಷ್ಟಿ ತೆಗೆದಿಟ್ಟುಕೊಂಡರೆ ಒಂದೇ ಗುಂಡಿಯ ಮಣ್ಣಿನಿಂದ ಏಳೆಂಟು ಛಾಯೆಗಳು ಸಿಗುತ್ತವೆ, ಮತ್ತು ಅವು ಒಂದೇ ಮನೆಯ ಮಕ್ಕಳಾದ್ದರಿಂದ ಪಕ್ಕಪಕ್ಕದಲ್ಲಿ ಎಲ್ಲಿಟ್ಟರೂ ಹೊಂದುತ್ತವೆ. ಹಳದಿ ಬಣ್ಣಕ್ಕೆ ಅರಿಸಿನವನ್ನು ಮಾತ್ರ ಯಾರೂ ನಂಬಬೇಡಿ. ಕಿಟಕಿಯ ಬೆಳಕಿಗೆ ಕೆಲವೇ ವಾರಗಳಲ್ಲಿ ಅದು ಮಾಸಿತು.

ಅಡಿಕೆ ಬೇಯಿಸಿದಾಗ ಉಳಿಯುವ ಕಂದು ನೀರಾದ ಚೊಗರಿನದು ಬೇರೆಯೇ ಕಥೆ. ಹೆಗ್ಗೋಡಿನ ಚರಕ ಎಂಬ ಕೈಮಗ್ಗ ಸಂಸ್ಥೆಯಲ್ಲಿ ಚೊಗರಿನಿಂದ ಬಟ್ಟೆಗೆ ಬಣ್ಣ ಕಟ್ಟುತ್ತಾರೆಂಬುದು ತಿಳಿದದ್ದೇ. ನಾನು ಅದನ್ನು ಗೋಣಿಗೆ ಊಡಿಸಿ, ಅದರ ಮೇಲೆ ತುಕ್ಕು ಹಿಡಿದ ಮೊಳೆ ನೆನೆಹಾಕಿದ ನೀರನ್ನು ಕುಂಚದಿಂದ ಎಳೆದೆ. ನೀರು ತಾಗಿದಲ್ಲೆಲ್ಲ ಚೊಗರಿನ ಕಂದು ಕಣ್ಣೆದುರೇ ಕಪ್ಪಾಗುತ್ತ, ನಾರಿನಿಂದ ನಾರಿಗೆ ಹರಡಿ, ಅಂಚಿನಲ್ಲಿ ಬೂದುಬಣ್ಣವಾಗಿ ನಿಂತಿತು. ಈಗ ಮಣ್ಣು ಹಚ್ಚುವ ಮೊದಲೇ ಗೋಣಿಯ ಕೆಲವು ಭಾಗಗಳಿಗೆ ಹೀಗೆ ಮಾಡಿ, ಅವನ್ನು ಮುಚ್ಚದೆ ಬಿಡುತ್ತೇನೆ. ಚಿತ್ರದ ಕಪ್ಪೆಲ್ಲ ಅಲ್ಲಿಂದಲೇ ಬರುತ್ತದೆ. ನೀಲಿ ನಮ್ಮ ಮಣ್ಣಿನಲ್ಲಿ ಇಲ್ಲ, ಹಾಗಾಗಿ ಅದಕ್ಕೆ ಟ್ಯೂಬಿನ ಅಲ್ಟ್ರಾಮರೀನನ್ನು ಅಮೃತಶಿಲೆಯ ಪುಡಿಯಲ್ಲಿ ಕಲಸಿ, ತೀರಾ ಕಡಿಮೆ ಜಾಗದಲ್ಲಿ ಹಚ್ಚುತ್ತೇನೆ.

ಒರಟು ಮೈ ಮೂಡಿಸುವ ಆಮದಿನ ಟೆಕ್ಸ್ಚರ್ ಪೇಸ್ಟ್ ಬಳಸುತ್ತಿದ್ದಾಗ ಎರಡಡಿ ಮೂರಡಿಯ ಒಂದು ಚಿತ್ರಕ್ಕೆ ನಾಲ್ಕು ಸಾವಿರದ ಹತ್ತಿರ ಹೋಗುತ್ತಿತ್ತು. ಈಗ ಚೌಕಟ್ಟು ಬಿಟ್ಟು ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ನಡೆಸುವ ಚಿತ್ರಸಂತೆಗೆ ಒಯ್ದಾಗ ಸಣ್ಣವು ಏಳೆಂಟು ಸಾವಿರಕ್ಕೆ, ದೊಡ್ಡದೊಂದು ಇಪ್ಪತ್ತೈದರ ಹತ್ತಿರಕ್ಕೆ ಹೋದವು. ಮಣ್ಣು ಉದುರುತ್ತದೆ ಎಂದಿದ್ದ ಹಿರಿಯ ಕಲಾವಿದರೊಬ್ಬರು ಅಲ್ಲಿಯೇ ಉಗುರಿನಿಂದ ಕೆರೆದು ನೋಡಿ, ಬೈಂಡರ್ ಯಾವುದೆಂದು ಕೇಳಿದರು. ನನಗೆ ಅದು ಮಾರಾಟಕ್ಕಿಂತ ದೊಡ್ಡದಾಗಿತ್ತು.

ಕೊಂಡವರಿಗೆಲ್ಲ ಎರಡು ಮಾತು ಬರೆದು ಕೊಡುತ್ತೇನೆ. ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸದೆ ಒಣ ಕುಂಚದಿಂದ ತೆಗೆಯಬೇಕು. ಮಳೆ ಹೊಡೆಯುವ ಹೊರಗೋಡೆಯ ಒಳಬದಿಗೆ ತೂಗುಹಾಕುವುದಾದರೆ, ಹಿಂಬದಿಯ ನಾಲ್ಕು ಮೂಲೆಗಳಲ್ಲಿ ನಾನು ಅಂಟಿಸಿರುವ ಅರ್ಧ ಇಂಚಿನ ಮರದ ತುಂಡುಗಳನ್ನು ಕೀಳಬಾರದು, ಏಕೆಂದರೆ ಚಿತ್ರದ ಹಿಂದೆ ಗಾಳಿಯಾಡಲು ಇರುವುದು ಅದೊಂದೇ ದಾರಿ.